ನಾಯಿಗೆ ನಮ್ಮ ಆಸಿಡಿಟಿ ಮಾತ್ರೆ ಕೊಡಬಹುದೇ? ಕೊಡುವ ಮೊದಲು, ಕೊಡುವಾಗ, ಕೊಟ್ಟ ಮೇಲೆ

ನಮ್ಮಲ್ಲಿ ಹೊಟ್ಟೆಯ ಯಾವ ತೊಂದರೆಗೂ ಒಂದೇ ಹೆಸರು: ಗ್ಯಾಸ್ಟ್ರಿಕ್. ಎದೆ ಉರಿದರೂ ಗ್ಯಾಸ್ಟ್ರಿಕ್, ತಲೆ ಸಿಡಿದರೂ ಗ್ಯಾಸ್ಟ್ರಿಕ್. ಅದೇ ಹೆಸರನ್ನು ಮನೆಯ ನಾಯಿಗೂ ಅಂಟಿಸುತ್ತೇವೆ. ಬೆಳಗಿನ ಜಾವ ಅದು ಹಳದಿ ನೊರೆ ಕಕ್ಕಿದರೆ, ಊಟ ಬಿಟ್ಟರೆ, ಹುಲ್ಲು ಮೇಯ್ದರೆ, ಕೈ ತಾನಾಗಿ ಔಷಧದ ಡಬ್ಬಿಗೆ ಹೋಗುತ್ತದೆ. ಅಲ್ಲಿ ಅಜ್ಜಿಯ ಜೆಲುಸಿಲ್ ಇರುತ್ತದೆ, ಅಪ್ಪನ ಪ್ಯಾನ್-ಡಿ ಇರುತ್ತದೆ, ಈನೋ ಪೊಟ್ಟಣವಂತೂ ಇದ್ದೇ ಇರುತ್ತದೆ.

ಇವುಗಳಲ್ಲಿ ಕೆಲವನ್ನು ಪಶುವೈದ್ಯರೇ ನಾಯಿಗಳಿಗೆ ಬರೆದುಕೊಡುತ್ತಾರೆ. ಹಾಗಾಗಿ ಮನುಷ್ಯರ ಮಾತ್ರೆಯೆಲ್ಲ ನಾಯಿಗೆ ವಿಷ ಎನ್ನುವುದು ಸರಿಯಲ್ಲ. ಅಪಾಯ ಇರುವುದು ಮೂರು ಕಡೆ: ಔಷಧದ ಜೊತೆ ಬೆರೆತಿರುವ ಇನ್ನೊಂದು ವಸ್ತು, ನಾಯಿಯ ತೂಕಕ್ಕೆ ಹೊಂದದ ಪ್ರಮಾಣ, ಎಲ್ಲಕ್ಕಿಂತ ಮೊದಲು, ಆಮ್ಲದಿಂದ ಬಂದದ್ದೇ ಅಲ್ಲದ ಕಾಯಿಲೆಗೆ ಆಮ್ಲದ ಮಾತ್ರೆ ಕೊಟ್ಟು ಒಂದು ದಿನ ಕಾಯುವುದು. ಹೀಗೆ ಕಾಯ್ದ ದಿನವೇ ಎಷ್ಟೋ ನಾಯಿಗಳ ಪ್ರಾಣಕ್ಕೆ ಎರವಾಗುತ್ತದೆ. ಆದ್ದರಿಂದ ಇಲ್ಲಿಯ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ನೋಡಿ. ಮಾತ್ರೆಯ ಲೆಕ್ಕಕ್ಕೆ ನೇರವಾಗಿ ಹಾರಬೇಡಿ.

ಹೆಜ್ಜೆ 1: ಯಾವ ಮಾತ್ರೆಯನ್ನೂ ಕೊಡದೆ ಆಸ್ಪತ್ರೆಗೆ ಹೊರಡಬೇಕಾದ ಸ್ಥಿತಿ

ನಾಯಿ ಮತ್ತೆ ಮತ್ತೆ ಓಕರಿಸುತ್ತಿದೆ, ಆದರೆ ಜೊಲ್ಲು, ನೊರೆ ಬಿಟ್ಟು ಏನೂ ಹೊರಗೆ ಬರುತ್ತಿಲ್ಲ. ಪಕ್ಕೆಲುಬಿನ ಹಿಂದೆ ಹೊಟ್ಟೆ ಉಬ್ಬಿ ಬಿಗಿಯಾಗಿದೆ. ಕೂರಲಾರದು, ಮಲಗಲಾರದು, ಅತ್ತಿಂದಿತ್ತ ತಿರುಗುತ್ತದೆ, ತನ್ನ ಹೊಟ್ಟೆಯ ಕಡೆ ತಿರುಗಿ ನೋಡುತ್ತದೆ. ಜಠರ ಗಾಳಿ ತುಂಬಿ ತನ್ನ ಸುತ್ತಲೇ ತಿರುಚಿಕೊಂಡಾಗ ಹೀಗಾಗುತ್ತದೆ. ಗ್ರೇಟ್ ಡೇನ್, ಜರ್ಮನ್ ಶೆಫರ್ಡ್, ಡಾಬರ್‌ಮನ್, ಸೇಂಟ್ ಬರ್ನಾರ್ಡ್‌ನಂಥ ಆಳ ಎದೆಯ ದೊಡ್ಡ ತಳಿಗಳಲ್ಲಿ ಹೆಚ್ಚು. ಎದೆಯ ಆಕಾರದಿಂದ ನಮ್ಮ ಮುಧೋಳ ನಾಯಿಯೂ ಎಚ್ಚರ ಬೇಕಾದ ಗುಂಪಿಗೇ ಸೇರುತ್ತದೆ. ತಿರುಚಿದ ಜಠರಕ್ಕೆ ರಕ್ತ ಹರಿಯುವುದಿಲ್ಲ. ಕೆಲವೇ ಗಂಟೆಗಳಲ್ಲಿ ಸಾವು ಬರುತ್ತದೆ, ಶಸ್ತ್ರಚಿಕಿತ್ಸೆ ಬಿಟ್ಟರೆ ಬೇರೆ ದಾರಿ ಇಲ್ಲ. ಇದನ್ನು "ಗ್ಯಾಸ್ ಆಗಿದೆ" ಎಂದುಕೊಂಡು ಈನೋ ಕುಡಿಸುವುದು ಮಾಡಬಹುದಾದ ತಪ್ಪುಗಳಲ್ಲೇ ದೊಡ್ಡದು. ಮೊದಲೇ ಗಾಳಿ ತುಂಬಿದ ಹೊಟ್ಟೆಯೊಳಗೆ ಸೋಡಾ ಇನ್ನಷ್ಟು ಗಾಳಿ ಎಬ್ಬಿಸುತ್ತದೆ, ಅದು ಹೊರಬರಲು ದಾರಿ ಇರುವುದಿಲ್ಲ.

ವಾಂತಿಯಲ್ಲಿ ರಕ್ತ ಅಥವಾ ಫಿಲ್ಟರ್ ಕಾಫಿಯ ಚರಟದಂಥ ಕಂದು ಪುಡಿ ಕಂಡರೆ, ಮಲ ರಸ್ತೆಯ ಡಾಂಬರಿನಂತೆ ಕಪ್ಪಗೆ ಅಂಟಂಟಾಗಿ ಹೋದರೆ, ಜಠರದಲ್ಲಿ ಹುಣ್ಣಾಗಿ ರಕ್ತ ಸುರಿಯುತ್ತಿರಬಹುದು. ಇಲ್ಲಿ ಆಮ್ಲ ತಗ್ಗಿಸುವ ಔಷಧ ಬೇಕೇ ಬೇಕು, ಆದರೆ ಅದನ್ನು ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಕೊಡಬೇಕಾಗಬಹುದು. ಮನೆಯ ಮಾತ್ರೆ ಇದಕ್ಕೆ ಸಾಲದು.

ಆರು ತಿಂಗಳೊಳಗಿನ ಮರಿ, ಲಸಿಕೆ ಪೂರ್ತಿಯಾಗಿಲ್ಲ, ವಾಂತಿಯ ಜೊತೆ ಗಬ್ಬು ವಾಸನೆಯ ರಕ್ತಭೇದಿ: ಪಾರ್ವೋ ಎಂಬ ಮಾರಕ ವೈರಸ್ ರೋಗವೆಂದೇ ಭಾವಿಸಿ ಹೊರಡಿ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮಲೆನಾಡಿನ ಕಡೆ, ವಾಂತಿಯ ಜೊತೆ ಜ್ವರ, ಕಣ್ಣಿನ ಬಿಳಿ ಭಾಗದಲ್ಲಿ ಹಳದಿ, ಮೂತ್ರದ ಬಣ್ಣ ಗಾಢವಾಗಿದ್ದರೆ ಇಲಿಜ್ವರದ ಸಂಶಯ ಇಟ್ಟುಕೊಳ್ಳಿ. ಅದು ಮನುಷ್ಯರಿಗೂ ಹರಡುತ್ತದೆ. ಮೂತ್ರ ಒರೆಸುವಾಗ ಕೈಗವಸು ಹಾಕಿಕೊಳ್ಳಿ.

ಇನ್ನು ಏನೋ ನುಂಗಿದ ಸಂಶಯ. ಮಾವಿನ ಓಟೆ, ಜೋಳದ ದಿಂಡು, ಮಕ್ಕಳ ಕಾಲುಚೀಲ, ಬಿರಿಯಾನಿಯ ಮೂಳೆ ಕರುಳಿಗೆ ಅಡ್ಡ ಕೂತಾಗ ನಾಯಿ ತಿಂದದ್ದನ್ನೆಲ್ಲ ಕಕ್ಕುತ್ತದೆ, ನೀರು ಸಹ ನಿಲ್ಲುವುದಿಲ್ಲ. ಇಲಿ ಪಾಷಾಣ, ಚಾಕೊಲೇಟ್, ಪಾಯಸದ ಒಣದ್ರಾಕ್ಷಿ, ಮನುಷ್ಯರ ನೋವಿನ ಮಾತ್ರೆ ಬಾಯಿಗೆ ಬಿದ್ದಿರಬಹುದಾದರೆ ವಾಂತಿ ಶುರುವಾಗುವವರೆಗೂ ಕಾಯಬೇಡಿ.

ಹೆಜ್ಜೆ 2: ಐದು ನಿಮಿಷದ ಪರೀಕ್ಷೆ

ಮೇಲಿನ ಯಾವುದೂ ಇಲ್ಲವೆಂದಾದರೆ ನಾಯಿಯ ಮೇಲ್ತುಟಿ ಎತ್ತಿ ವಸಡು ನೋಡಿ. ಗುಲಾಬಿ ಬಣ್ಣ, ಮುಟ್ಟಿದರೆ ತೇವ ಇರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳುಚಿದ ಜಾಗಕ್ಕೆ 2 ಸೆಕೆಂಡಿನೊಳಗೆ ಬಣ್ಣ ಮರಳಬೇಕು. ವಸಡು ಬಿಳಿಚಿದ್ದರೆ ಅಥವಾ ಒಣಗಿ ಅಂಟುತ್ತಿದ್ದರೆ ಆಸ್ಪತ್ರೆ. ಹೆಗಲ ಮೇಲಿನ ಚರ್ಮ ಎತ್ತಿ ಬಿಡಿ; ತಕ್ಷಣ ಕೂರದೆ ಗುಡಾರದಂತೆ ನಿಂತರೆ ಮೈಯ ನೀರು ಹೋಗಿದೆ. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟಾಗ ಸಹಜ ತಾಪ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮಗೆ ಜ್ವರವೆನಿಸುವ ಅಂಕಿ ಅದಕ್ಕೆ ಸಹಜ. 103 ದಾಟಿದರೆ ಅದಕ್ಕೂ ಜ್ವರ.

ಬಂದದ್ದು ವಾಂತಿಯೋ ಅಥವಾ ಬರಿದೇ ಹಿಂದೆ ಬಂದ ಊಟವೋ ಎಂಬುದನ್ನೂ ಗಮನಿಸಿ. ವಾಂತಿಯಲ್ಲಿ ಹೊಟ್ಟೆ ಹಿಂಡಿ ಹಿಂಡಿ ಕಕ್ಕುತ್ತದೆ. ಯಾವ ಪ್ರಯಾಸವೂ ಇಲ್ಲದೆ ಜೀರ್ಣವಾಗದ ಅನ್ನ ಕೊಳವೆಯಾಕಾರದಲ್ಲಿ ಜಾರಿ ಬಿದ್ದರೆ ತೊಂದರೆ ಅನ್ನನಾಳದಲ್ಲಿದೆ. ಅಂಥ ನಾಯಿಗೆ ಬಾಯಿಂದ ಸಿರಪ್ ಹಾಕಿದರೆ ಶ್ವಾಸಕೋಶಕ್ಕೆ ಇಳಿಯುವ ಅಪಾಯ ಹೆಚ್ಚು.

ಲವಲವಿಕೆಯಿಂದಿರುವ ದೊಡ್ಡ ನಾಯಿ ಒಂದೆರಡು ಸಲ ವಾಂತಿ ಮಾಡಿ ಮತ್ತೆ ಬಾಲ ಆಡಿಸುತ್ತಿದ್ದರೆ ಬಹುಪಾಲು ಏನೂ ಔಷಧ ಬೇಕಿಲ್ಲ. ಅಮೆರಿಕದ ಪಶುವೈದ್ಯ ತಜ್ಞರ ಸಂಸ್ಥೆ ಎಸಿವಿಐಎಂ 2018ರಲ್ಲಿ ಹೊರತಂದ ಒಮ್ಮತದ ಹೇಳಿಕೆಯಲ್ಲಿ ಇದನ್ನೇ ಒತ್ತಿ ಹೇಳಿದೆ: ಹುಣ್ಣಿಲ್ಲದ ಮಾಮೂಲಿ ಜಠರದ ಉರಿಯೂತ, ಮೇದೋಜೀರಕ ಗ್ರಂಥಿಯ ಉರಿಯೂತ, ಕಿಡ್ನಿ ತೊಂದರೆ ಇವುಗಳಲ್ಲಿ ಆಮ್ಲ ತಗ್ಗಿಸುವ ಔಷಧಗಳಿಂದ ಪ್ರಯೋಜನವಿದೆ ಎನ್ನಲು ಆಧಾರ ತೀರಾ ಕಡಿಮೆ. ಹಬ್ಬದ ಮರುದಿನ ಕರಿದ ತಿಂಡಿ, ಮಟನ್ ಕೊಬ್ಬು ತಿಂದು ಬೆನ್ನು ಕಮಾನು ಮಾಡಿಕೊಂಡು ನಿಲ್ಲುವ ನಾಯಿಗೆ ಬಂದಿರುವುದು ಮೇದೋಜೀರಕ ಗ್ರಂಥಿಯ ಉರಿಯೂತ ಇರಬಹುದು. ಅದಕ್ಕೆ ಬೇಕಾದ್ದು ಡ್ರಿಪ್, ನೋವಿನ ಔಷಧ, ವಾಂತಿ ನಿಲ್ಲಿಸುವ ಇಂಜೆಕ್ಷನ್.

ಹೆಜ್ಜೆ 3: ಡಬ್ಬಿಯಲ್ಲಿರುವುದು ಏನು?

ಬ್ರ್ಯಾಂಡ್ ಹೆಸರು ಬಿಟ್ಟು ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುವ ಔಷಧದ ಹೆಸರು ಓದಿ. ಒಂದೇ ಬ್ರ್ಯಾಂಡಿನಲ್ಲಿ ಬಾಲಂಗೋಚಿ ಅಕ್ಷರ ಬದಲಾದರೆ ಒಳಗಿನ ಔಷಧವೇ ಬೇರೆ.

ಈನೋ, ಅಡುಗೆ ಸೋಡಾ: ಕೊಡಲೇಬೇಡಿ. ಗಾಳಿ ಎಬ್ಬಿಸುವ ವಿಷಯ ಮೇಲೆ ಹೇಳಿದೆ. ಜೊತೆಗೆ ಉಪ್ಪಿನಂಶ. ಒಂದು ಟೀ ಚಮಚ ಅಡುಗೆ ಸೋಡಾದಲ್ಲಿ ಸುಮಾರು 1,200 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಸಣ್ಣ ನಾಯಿಯ ರಕ್ತದ ಲವಣಗಳ ಸಮತೋಲ ಕೆಡಿಸಿ ನಡುಕ, ಫಿಟ್ಸ್ ತರಲು ಇಂಥ ಒಂದೆರಡು ಚಮಚ ಸಾಕಾಗಬಹುದು. ಹೃದಯದ ಕಾಯಿಲೆ ಇರುವ ಮುದಿ ನಾಯಿಗೆ ಇನ್ನೂ ಕೆಟ್ಟದ್ದು.

ಜೆಲುಸಿಲ್, ಡೈಜೀನ್ ಬಗೆಯ ಸಿರಪ್ಪು, ಚೀಪುವ ಮಾತ್ರೆ: ಇವುಗಳಲ್ಲಿ ಸಾಮಾನ್ಯವಾಗಿ ಅಲ್ಯೂಮಿನಿಯಂ ಹೈಡ್ರಾಕ್ಸೈಡ್, ಮೆಗ್ನೀಷಿಯಂ ಹೈಡ್ರಾಕ್ಸೈಡ್, ಸಿಮೆಥಿಕೋನ್ ಇರುತ್ತವೆ. ಆರೋಗ್ಯವಂತ ದೊಡ್ಡ ನಾಯಿ ಒಂದು ಸಲ ಸ್ವಲ್ಪ ನೆಕ್ಕಿದರೆ ವಿಷವಾಗುವುದಿಲ್ಲ. ಆದರೆ ಉಪಯೋಗವೂ ಇಲ್ಲವೆನ್ನುವಷ್ಟು ಕಡಿಮೆ. ಜಠರದಲ್ಲಿ ಆಗಲೇ ಇರುವ ಆಮ್ಲವನ್ನು ಇವು ಕೊಂಚ ಹೊತ್ತು ತಣಿಸುತ್ತವೆ, ಹೊಸದಾಗಿ ಒಸರುವುದನ್ನು ತಡೆಯುವುದಿಲ್ಲ. ಪರಿಣಾಮ ಬೇಕೆಂದರೆ ದಿನಕ್ಕೆ ನಾಲ್ಕರಿಂದ ಆರು ಸಲ ಕುಡಿಸಬೇಕು; ವಾಂತಿ ಮಾಡುತ್ತಿರುವ ನಾಯಿಯ ಬಾಯಿಗೆ ದಿನಕ್ಕೆ ಆರು ಸಲ ಪುದೀನ ವಾಸನೆಯ ದ್ರವ ಸುರಿಯುವುದು ಹಿಂಸೆ. ಅಲ್ಯೂಮಿನಿಯಂ ಮಲ ಕಟ್ಟಿಸುತ್ತದೆ, ಮೆಗ್ನೀಷಿಯಂ ಭೇದಿ ಮಾಡಿಸುತ್ತದೆ. ಕಿಡ್ನಿ ಸೊರಗಿದ ನಾಯಿಯ ರಕ್ತದಲ್ಲಿ ಮೆಗ್ನೀಷಿಯಂ ಉಳಿದುಕೊಂಡು ಸ್ನಾಯು ಸೋಲುವಂತೆ, ಹೃದಯದ ಬಡಿತ ನಿಧಾನವಾಗುವಂತೆ ಮಾಡುತ್ತದೆ. ಕಿಡ್ನಿ ನಾಯಿಗಳ ರಕ್ತದ ರಂಜಕ ತಗ್ಗಿಸಲು ವೈದ್ಯರು ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಬರೆಯುವುದುಂಟು. ಅದು ಊಟದ ಜೊತೆ ಕೊಡುವ, ಬೇರೆಯೇ ಉದ್ದೇಶದ ಚಿಕಿತ್ಸೆ. ಅದನ್ನು ನೋಡಿ ಜೆಲುಸಿಲ್ ಒಳ್ಳೆಯದೆಂದುಕೊಳ್ಳಬೇಡಿ.

ಮ್ಯೂಕೇನ್‌ನಂಥ ಜೆಲ್‌ಗಳಲ್ಲಿ ಆಕ್ಸೆಟಕೇನ್ ಎಂಬ ಮರಗಟ್ಟಿಸುವ ಔಷಧ ಸೇರಿದೆ. ಸುಕ್ರಾಲ್ಫೇಟ್ ಸಿರಪ್ಪಿನಲ್ಲೂ "ಓ" ಅಕ್ಷರವಿರುವ ಬಗೆಯಲ್ಲಿ ಇದೇ ಇರುತ್ತದೆ. ನಾಯಿಗೆ ಬೇಡ.

ರಾನಿಟಿಡಿನ್, ಅಂದರೆ ರ‍್ಯಾಂಟ್ಯಾಕ್, ಆಸಿಲಾಕ್: ಇದರಲ್ಲಿ ಕ್ಯಾನ್ಸರ್‌ಕಾರಕ ಎನಿಸಿದ ಎನ್‌ಡಿಎಂಎ ಕಲ್ಮಶ ಕಂಡುಬಂದು 2020ರ ಏಪ್ರಿಲ್‌ನಲ್ಲಿ ಅಮೆರಿಕದ ಎಫ್‌ಡಿಎ ಮಾರುಕಟ್ಟೆಯಿಂದ ವಾಪಸು ಪಡೆಯಲು ಸೂಚಿಸಿತು, ಭಾರತದ ಅಗತ್ಯ ಔಷಧಗಳ ಪಟ್ಟಿಯಿಂದ 2022ರಲ್ಲಿ ಕೈಬಿಡಲಾಯಿತು. ನಾಯಿಗಳಲ್ಲಿ ಮಾಮೂಲಿ ಪ್ರಮಾಣದ ರಾನಿಟಿಡಿನ್ ಆಮ್ಲವನ್ನು ಹೇಳಿಕೊಳ್ಳುವಂತೆ ತಗ್ಗಿಸುವುದೂ ಇಲ್ಲ. ಹಳೆಯ ಅಭ್ಯಾಸಬಲದಿಂದ ಇಂದಿಗೂ ಕೊಡುತ್ತಿರುವವರು ನಿಲ್ಲಿಸಬಹುದು.

ಫ್ಯಾಮೊಟಿಡಿನ್, ಅಂದರೆ ಫ್ಯಾಮೊಸಿಡ್ ಮುಂತಾದವು: ನಾಯಿಗೆ ಸುರಕ್ಷತೆಯ ಅಂತರ ಚೆನ್ನಾಗಿರುವ ಔಷಧ. ಕೊಟ್ಟ ದಿನವೇ ಕೆಲಸ ಆರಂಭಿಸುತ್ತದೆ. ದೋಷವೆಂದರೆ ದಿನವೂ ಕೊಡುತ್ತ ಹೋದರೆ ಕೆಲವೇ ದಿನಗಳಲ್ಲಿ ಮೈ ಅದಕ್ಕೆ ಒಗ್ಗಿಹೋಗಿ ಪರಿಣಾಮ ಇಳಿಯುತ್ತದೆ. ತಿಂಗಳುಗಟ್ಟಲೆ ಕೊಡುವುದರಲ್ಲಿ ಅರ್ಥವಿಲ್ಲ. ಕಿಡ್ನಿ ತೊಂದರೆ ಇದ್ದರೆ ಪ್ರಮಾಣ ತಗ್ಗಿಸಬೇಕು.

ಒಮೆಪ್ರಜೋಲ್, ಅಂದರೆ ಒಮೆಜ್ ಮುಂತಾದವು: ನಾಯಿಯ ಜಠರದ ಹುಣ್ಣಿಗೆ, ಅನ್ನನಾಳದ ಉರಿಗೆ ಬಾಯಿಂದ ಕೊಡುವವುಗಳಲ್ಲಿ ಹೆಚ್ಚು ನಂಬಬಹುದಾದದ್ದು ಇದು. ಜಠರದ ಗೋಡೆಯಲ್ಲಿ ಆಮ್ಲ ಹೊರಹಾಕುವ ಪಂಪುಗಳನ್ನೇ ಮುಚ್ಚುತ್ತದೆ. ಒಂದೇ ಡೋಸಿಗೆ ಪೂರ್ತಿ ಫಲ ಬರುವುದಿಲ್ಲ, ಒಂದರಿಂದ ನಾಲ್ಕು ದಿನ ಬೇಕು. ಹಾಗಾಗಿ "ಈಗ ಕೊಟ್ಟೆ, ಅರ್ಧ ಗಂಟೆಯಲ್ಲಿ ವಾಂತಿ ನಿಲ್ಲಬೇಕು" ಎಂಬ ನಿರೀಕ್ಷೆ ಬೇಡ. ಇದರ ಜೊತೆ ಫ್ಯಾಮೊಟಿಡಿನ್ ಸೇರಿಸಿದರೆ ಹೆಚ್ಚಿನ ಲಾಭವಿಲ್ಲವೆಂದು ಅದೇ 2018ರ ಹೇಳಿಕೆ ಹೇಳುತ್ತದೆ.

ಪ್ಯಾಂಟೊಪ್ರಜೋಲ್, ಅಂದರೆ ಪ್ಯಾನ್-40: ಇದೂ ಅದೇ ಕುಟುಂಬದ್ದು. ನಾಯಿಗಳಿಗೆ ಹೆಚ್ಚಾಗಿ ಬಳಕೆಯಾಗುವುದು ಆಸ್ಪತ್ರೆಯ ಇಂಜೆಕ್ಷನ್ ರೂಪದಲ್ಲಿ. ಮಾತ್ರೆಯ ಮೇಲೆ ಆಮ್ಲ ತಾಕದಂತೆ ಲೇಪ ಇರುವುದರಿಂದ ಮುರಿಯುವಂತಿಲ್ಲ, ಮುರಿಯದೆ 40 ಮಿಲಿಗ್ರಾಂ ಕೊಡಬೇಕೆಂದರೆ ನಾಯಿಯೂ ಆ ಗಾತ್ರದ್ದಿರಬೇಕು.

ಈಗ ಡಿ ಅಕ್ಷರದ ವಿಷಯ. ಪ್ಯಾನ್-ಡಿ, ಒಮೆಜ್-ಡಿ, ರ‍್ಯಾಂಟ್ಯಾಕ್-ಡಿ ಇವುಗಳಲ್ಲಿ ಡಾಂಪೆರಿಡೋನ್ ಕೂಡ ಇದೆ, ಕೆಲವಲ್ಲಿ 10 ಮಿಲಿಗ್ರಾಂ, ನಿಧಾನವಾಗಿ ಬಿಡುಗಡೆಯಾಗುವ ಬಗೆಗಳಲ್ಲಿ 30 ಮಿಲಿಗ್ರಾಂ. ಔಷಧದಂಗಡಿಯಲ್ಲಿ "ಗ್ಯಾಸ್ಟ್ರಿಕ್ ಮಾತ್ರೆ" ಎಂದು ಕೇಳಿದರೆ ಕೈಗೆ ಬರುವುದು ಬಹಳ ಸಲ ಇದೇ. ಎಂಟು ಕಿಲೋದ ಪಾಮೇರಿಯನ್‌ಗೆ ಒಂದು ಪ್ಯಾನ್-ಡಿ ಕ್ಯಾಪ್ಸೂಲ್ ನುಂಗಿಸಿದರೆ ಕಿಲೋಗೆ 5 ಮಿಲಿಗ್ರಾಂ ಪ್ಯಾಂಟೊಪ್ರಜೋಲ್, ಹೆಚ್ಚುಕಡಿಮೆ 4 ಮಿಲಿಗ್ರಾಂ ಡಾಂಪೆರಿಡೋನ್ ಒಟ್ಟಿಗೆ ಹೋದಂತೆ. ಅಷ್ಟು ಡಾಂಪೆರಿಡೋನ್ ಅಂಥ ನಾಯಿಗೆ ಬಲು ಹೆಚ್ಚು. ಡಾಂಪೆರಿಡೋನ್ ಜಠರವನ್ನು ಮುಂದಕ್ಕೆ ತಳ್ಳಿಸುವ ಔಷಧ. ಕರುಳಲ್ಲಿ ಮಾವಿನ ಓಟೆ ಸಿಕ್ಕಿಕೊಂಡಿರುವ ನಾಯಿಗೆ ಅದನ್ನು ಕೊಟ್ಟರೆ ಮುಚ್ಚಿದ ಬಾಗಿಲಿಗೆ ಹಿಂದಿನಿಂದ ಜನ ನೂಕಿದಂತೆ, ಕರುಳು ಹರಿಯಬಹುದು. ಕೋಲಿ ಜಾತಿಯ ಕೆಲವು ನಾಯಿಗಳಲ್ಲಿ ಹುಟ್ಟಿನಿಂದಲೇ ಇರುವ ಜೀನ್ ದೋಷದಿಂದ ಇಂಥ ಔಷಧಗಳು ಮೆದುಳಿಗೆ ಸುಲಭವಾಗಿ ನುಗ್ಗುತ್ತವೆ. ಡಿ ಇರುವ ಯಾವ ಸ್ಟ್ರಿಪ್ಪನ್ನೂ ನಾಯಿಯ ಹತ್ತಿರ ತರಬೇಡಿ.

ಸುಕ್ರಾಲ್ಫೇಟ್ ಆಮ್ಲ ತಗ್ಗಿಸುವುದಿಲ್ಲ, ಹುಣ್ಣಿನ ಮೇಲೆ ಲೇಪದಂತೆ ಕೂರುತ್ತದೆ. ವೈದ್ಯರು ಹೇಳಿದಾಗ ನೀರಿನಲ್ಲಿ ಕದಡಿ ಖಾಲಿ ಹೊಟ್ಟೆಯಲ್ಲಿ ಕೊಡುವಂಥದ್ದು. ಪುದೀನ್ ಹರಾ, ಹಾಜ್ಮೋಲಾ, ಇಂಗು-ಉಪ್ಪಿನ ಮನೆಮದ್ದು ಇವೆಲ್ಲ ಬೇಡ. ಉಪ್ಪು, ಖಾರ, ಪುದೀನ ಎಣ್ಣೆ ಕೆರಳಿದ ಜಠರವನ್ನು ಇನ್ನಷ್ಟು ಕೆರಳಿಸುತ್ತವೆ.

ಹೊರದೇಶದಲ್ಲಿ ನಾಯಿ ಸಾಕಿರುವ ಕನ್ನಡಿಗರಿಗೆ ಎರಡು ಹೆಸರು: ಪೆಪ್ಟೊ-ಬಿಸ್ಮಾಲ್‌ನಲ್ಲಿ ಆಸ್ಪಿರಿನ್ ಬಳಗದ ಸ್ಯಾಲಿಸಿಲೇಟ್ ಇದೆ, ಮೂಲ ಆಲ್ಕಾ-ಸೆಲ್ಟ್‌ಜರ್‌ನಲ್ಲಿ ಆಸ್ಪಿರಿನ್ನೇ ಇದೆ. ಎರಡೂ ಹುಣ್ಣು ಕೆದಕುವ ವಸ್ತುಗಳು. ಪೆಪ್ಟೊ ಮಲವನ್ನು ಕಪ್ಪಾಗಿಸುವುದರಿಂದ ನಿಜವಾದ ರಕ್ತಸ್ರಾವ ಗೊತ್ತಾಗದೇ ಹೋಗುತ್ತದೆ. ಟಮ್ಸ್ ಎಂದರೆ ಕ್ಯಾಲ್ಸಿಯಂ ಕಾರ್ಬೋನೇಟ್. ಪದೇ ಪದೇ ಕೊಟ್ಟರೆ ರಕ್ತದ ಕ್ಯಾಲ್ಸಿಯಂ ಏರುತ್ತದೆ.

ಹೆಜ್ಜೆ 4: ಸಿಹಿ ಯಾವುದರದ್ದು?

ಚೀಪುವ ಮಾತ್ರೆ, ಸಕ್ಕರೆರಹಿತ ಸಿರಪ್ ಎರಡರಲ್ಲೂ ಸಿಹಿಗೆ ಏನು ಹಾಕಿದ್ದಾರೆ ಎಂದು ನೋಡಲೇಬೇಕು. ಕ್ಸೈಲಿಟಾಲ್ ಅಥವಾ ಲೇಬಲ್ಲಿನಲ್ಲಿ ಅದರ ಸಂಕೇತವಾದ ಐಎನ್‌ಎಸ್ 967 ಎಂದಿದ್ದರೆ ಅದನ್ನು ನಾಯಿಯ ಮೂಗಿಗೂ ತಾಕಿಸಬೇಡಿ. ಕ್ಸೈಲಿಟಾಲ್ ನಾಯಿಯ ಮೈಯಲ್ಲಿ ಇನ್ಸುಲಿನ್ ಉಕ್ಕಿಸಿ, ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಸಕ್ಕರೆ ಕುಸಿಯುವಂತೆ ಮಾಡುತ್ತದೆ. ತೂಕದ ಕಿಲೋಗೆ 0.1 ಗ್ರಾಂ ಸಾಕು ಸಕ್ಕರೆ ಕುಸಿಯಲು, 0.5 ಗ್ರಾಂ ದಾಟಿದರೆ ಯಕೃತ್ತು ಹಾಳಾಗಬಹುದು. ಅಂದರೆ 10 ಕಿಲೋದ ನಾಯಿಗೆ 1 ಗ್ರಾಂ ಅಪಾಯದ ಗೆರೆ. ಸಾರ್ಬಿಟಾಲ್, ಐಎನ್‌ಎಸ್ 420, ಅಷ್ಟು ಘೋರವಲ್ಲ, ಹೆಚ್ಚಾದರೆ ಭೇದಿ. ಬಾಟಲಿಯ ಮೇಲೆ ಸಿಹಿಕಾರಕದ ಹೆಸರೇ ಇಲ್ಲದಿದ್ದರೆ ಕೊಡದಿರುವುದೇ ಸರಿ.

ಹೆಜ್ಜೆ 5: ತೂಕ, ಲೆಕ್ಕ, ಒಂದು ಫೋನು

ಕಣ್ಣಂದಾಜಿನ ತೂಕ ಬೇಡ. ಮನೆಯ ತೂಕದ ಯಂತ್ರದ ಮೇಲೆ ನಾಯಿಯನ್ನು ಎತ್ತಿಕೊಂಡು ನಿಲ್ಲಿ, ಆಮೇಲೆ ನೀವೊಬ್ಬರೇ ನಿಲ್ಲಿ, ಕಳೆಯಿರಿ. ನೀವು 62, ಇಬ್ಬರೂ ಸೇರಿ 74 ಆದರೆ ನಾಯಿ 12 ಕಿಲೋ. ಎತ್ತಲಾಗದ ನಾಯಿಯಾದರೆ ಹಿಂದಿನ ಸಲದ ಲಸಿಕೆ ಪುಸ್ತಕದಲ್ಲಿ ತೂಕ ಬರೆದಿರುತ್ತಾರೆ.

ಪಶುವೈದ್ಯರು ಸಾಮಾನ್ಯವಾಗಿ ಬಳಸುವ ಪ್ರಮಾಣ ಹೀಗಿದೆ. ಒಮೆಪ್ರಜೋಲ್: ಕಿಲೋಗೆ 1 ಮಿಲಿಗ್ರಾಂ, ದಿನಕ್ಕೆ ಎರಡು ಸಲ, 12 ಗಂಟೆಗಳ ಅಂತರ. ದಿನಕ್ಕೊಂದೇ ಸಲ ಕೊಟ್ಟರೆ ನಾಯಿಯಲ್ಲಿ ಆಮ್ಲ ಸಾಕಷ್ಟು ತಗ್ಗುವುದಿಲ್ಲ. ಫ್ಯಾಮೊಟಿಡಿನ್: ಕಿಲೋಗೆ 0.5ರಿಂದ 1 ಮಿಲಿಗ್ರಾಂ, 12ರಿಂದ 24 ಗಂಟೆಗೊಮ್ಮೆ.

20 ಕಿಲೋದ ಬೀದಿತಳಿಯ ನಾಯಿಗೆ ಒಮೆಪ್ರಜೋಲ್ 20 ಮಿಲಿಗ್ರಾಂನ ಒಂದು ಕ್ಯಾಪ್ಸೂಲ್ ಸರಿಹೊಂದುತ್ತದೆ. 10 ಕಿಲೋಗೆ 10 ಮಿಲಿಗ್ರಾಂನದ್ದು ಸಿಗುತ್ತದೆ, ಕೇಳಿ ತರಬೇಕು. 30 ಕಿಲೋದ ಲ್ಯಾಬ್ರಡಾರ್‌ಗೆ 20 ಮತ್ತು 10 ಸೇರಿಸಬಹುದು. ತೊಂದರೆ ಬರುವುದು 5 ಕಿಲೋದ ಶಿಟ್ಜು, 7 ಕಿಲೋದ ಪಗ್‌ಗಳಲ್ಲಿ. ಕ್ಯಾಪ್ಸೂಲ್ ಬಿಚ್ಚಿ ಒಳಗಿನ ಕಾಳುಗಳನ್ನು ಕಣ್ಣಳತೆಯಲ್ಲಿ ನಾಲ್ಕು ಪಾಲು ಮಾಡುವುದು ನಂಬುವ ಲೆಕ್ಕವಲ್ಲ. ಅಂಥ ಪುಟ್ಟ ನಾಯಿಗೆ ಫ್ಯಾಮೊಟಿಡಿನ್ ಸುಲಭ: 20 ಮಿಲಿಗ್ರಾಂ ಮಾತ್ರೆಯ ಕಾಲು ಭಾಗ 5 ಮಿಲಿಗ್ರಾಂ, ಮಾತ್ರೆ ಕತ್ತರಿಸುವ ಡಬ್ಬಿಯಲ್ಲಿ ನೀಟಾಗಿ ಬರುತ್ತದೆ.

ಈ ಅಂಕಿಗಳನ್ನು ಹಿಡಿದುಕೊಂಡು ನಿಮ್ಮ ಪಶುವೈದ್ಯರಿಗೆ ಫೋನ್ ಮಾಡಿ. ಕೊಡುವ ತೀರ್ಮಾನ ಅವರದಾಗಿರಲಿ. ತೂಕ, ವಯಸ್ಸು, ಎಷ್ಟು ಸಲ ವಾಂತಿ, ಅದರ ಬಣ್ಣ, ಕೊನೆಯ ಊಟ, ಈಗ ನಡೆಯುತ್ತಿರುವ ಬೇರೆ ಔಷಧ, ನಿಮ್ಮ ಕೈಯಲ್ಲಿರುವ ಮಾತ್ರೆಯ ಪೂರ್ತಿ ಹೆಸರು, ಇಷ್ಟು ಹೇಳಿದರೆ ಎರಡು ನಿಮಿಷದ ಮಾತು. ಗರ್ಭಿಣಿ ಅಥವಾ ಹಾಲೂಡಿಸುವ ನಾಯಿ, ನಾಲ್ಕು ತಿಂಗಳೊಳಗಿನ ಮರಿ, ಕಿಡ್ನಿ, ಯಕೃತ್ತು, ಹೃದಯದ ರೋಗಿ: ಇವಕ್ಕೆ ಫೋನಿನ ಸಲಹೆಯೂ ಸಾಲದು, ಕರೆದುಕೊಂಡೇ ಹೋಗಬೇಕು.

ಹೆಜ್ಜೆ 6: ಕೊಡುವ ರೀತಿ

ಒಮೆಪ್ರಜೋಲ್ ಖಾಲಿ ಹೊಟ್ಟೆಯಲ್ಲಿ, ಊಟಕ್ಕೆ 30ರಿಂದ 60 ನಿಮಿಷ ಮೊದಲು. ಊಟ ಬಂದಾಗ ಪಂಪುಗಳು ಎಚ್ಚರಗೊಳ್ಳುತ್ತವೆ, ಔಷಧ ಆ ಹೊತ್ತಿಗೆ ರಕ್ತದಲ್ಲಿರಬೇಕು. ಊಟದ ಜೊತೆ ಬೆರೆಸಿ ಕೊಟ್ಟು "ಕೆಲಸ ಮಾಡಲಿಲ್ಲ" ಎನ್ನುವವರೇ ಹೆಚ್ಚು. ಕ್ಯಾಪ್ಸೂಲ್ ಒಳಗಿನ ಕಾಳುಗಳನ್ನು ಅರೆಯಬೇಡಿ, ನೀರಲ್ಲಿ ಕರಗಿಸಬೇಡಿ. ಒಮೆಪ್ರಜೋಲ್ ಆಮ್ಲಕ್ಕೆ ಸಿಕ್ಕರೆ ತಾನೇ ನಾಶವಾಗುತ್ತದೆ. ಆ ಲೇಪವೇ ಅದನ್ನು ಸಣ್ಣ ಕರುಳಿನವರೆಗೆ ಕಾಯ್ದು ಸಾಗಿಸುವುದು.

ಮಾತ್ರೆ ನುಂಗಿಸಲು ಬೇಯಿಸಿದ ಸಿಹಿಗೆಣಸಿನ ಅಥವಾ ಇಡ್ಲಿಯ ಮೂರು ಪುಟ್ಟ ಉಂಡೆ ಮಾಡಿಕೊಳ್ಳಿ, ಕಡಲೆಕಾಳಿನಷ್ಟು ದೊಡ್ಡದು ಸಾಕು. ಮೊದಲನೆಯದು ಖಾಲಿ, ಎರಡನೆಯದರಲ್ಲಿ ಮಾತ್ರೆ, ಮೂರನೆಯದನ್ನು ಕಣ್ಣೆದುರು ಹಿಡಿದಿರಿ. ಮುಂದಿನದರ ಆಸೆಗೆ ನಡುವಿನದನ್ನು ಅಗಿಯದೆ ನುಂಗುತ್ತದೆ. ಉಂಡೆ ಒಲ್ಲದ ನಾಯಿಗೆ ಮೇಲ್ದವಡೆ ಹಿಡಿದು ನಾಲಿಗೆಯ ಹಿಂಭಾಗದಲ್ಲಿ ಮಾತ್ರೆ ಇಟ್ಟು, ಬಾಯಿ ಮುಚ್ಚಿ ಗಂಟಲು ಸವರಿ. ಎರಡೂ ರೀತಿಯಲ್ಲಿ ಕೊನೆಗೆ ಸೂಜಿ ಇಲ್ಲದ ಸಿರಿಂಜಿನಲ್ಲಿ 5ರಿಂದ 10 ಮಿಲಿಲೀಟರ್ ನೀರು ಕುಡಿಸಿ, ಇಲ್ಲವಾದರೆ ಮಾತ್ರೆ ಅನ್ನನಾಳದಲ್ಲಿ ಅಂಟಿಕೊಂಡು ಅಲ್ಲೇ ಹುಣ್ಣು ಮಾಡಬಹುದು. ದ್ರವವನ್ನು ಯಾವತ್ತೂ ತಲೆ ಮೇಲೆತ್ತಿ ಗಂಟಲಿಗೆ ಸುರಿಯಬೇಡಿ. ಕೆನ್ನೆಯ ಚೀಲದ ಬದಿಯಿಂದ ಸ್ವಲ್ಪ ಸ್ವಲ್ಪ ಬಿಡಿ, ನುಂಗಿದ್ದು ನೋಡಿ ಮುಂದಿನದು.

ಕೊಟ್ಟ ಸಮಯ ಬರೆದಿಡಿ. ಮನೆಯಲ್ಲಿ ನಾಲ್ವರಿದ್ದರೆ ಇಬ್ಬರು ಒಂದೇ ಡೋಸ್ ಕೊಟ್ಟಿರುತ್ತಾರೆ. ಮಾತ್ರೆ ವಾಂತಿಯಲ್ಲಿ ಹೊರಬಂದರೆ ಮತ್ತೊಂದು ಕೊಡಬೇಡಿ. ಅಂಥ ಹೊಟ್ಟೆಗೆ ಬಾಯಿಯ ಔಷಧ ನಿಲ್ಲುವುದಿಲ್ಲ, ಇಂಜೆಕ್ಷನ್ ಬೇಕು. 24 ಗಂಟೆಯಲ್ಲಿ ಸುಧಾರಣೆ ಕಾಣದಿದ್ದರೆ ಆಸ್ಪತ್ರೆ.

ಒಮೆಪ್ರಜೋಲ್ ಮೂರು-ನಾಲ್ಕು ವಾರ ದಾಟಿ ನಡೆದಿದ್ದರೆ ಒಮ್ಮೆಗೇ ನಿಲ್ಲಿಸಬೇಡಿ. ಮುಚ್ಚಿಟ್ಟ ಆಮ್ಲ ದುಪ್ಪಟ್ಟಾಗಿ ಉಕ್ಕುತ್ತದೆ, "ನೋಡಿ, ಬಿಟ್ಟ ಕೂಡಲೇ ಮತ್ತೆ ಶುರುವಾಯಿತು" ಎಂದು ಜನ ಮತ್ತೆ ಹಿಡಿಯುತ್ತಾರೆ. ವೈದ್ಯರ ಲೆಕ್ಕದಂತೆ ವಾರಕ್ಕೊಮ್ಮೆ ಅರ್ಧದಷ್ಟು ಇಳಿಸುತ್ತ ಬರಬೇಕು. ಆಮ್ಲ ಇರುವುದು ಸುಮ್ಮನೆ ಅಲ್ಲ. ಬೀದಿಯಲ್ಲಿ ನೆಕ್ಕಿ ಬರುವ ರೋಗಾಣುಗಳನ್ನು ಕೊಲ್ಲುವುದು ಅದೇ. ಹಾಗಾಗಿ ಅಗತ್ಯ ಮುಗಿದ ಮೇಲೆ ಮುಂದುವರಿಸಬಾರದು.

ಹೆಜ್ಜೆ 7: ಬೇರೆ ಔಷಧಗಳ ಜೊತೆ ಏನಾಗುತ್ತದೆ

ನಮ್ಮ ಊರುಗಳಲ್ಲಿ ಇದು ಮುಖ್ಯ, ಏಕೆಂದರೆ ಉಣ್ಣಿಗಳಿಂದ ಬರುವ ಟಿಕ್ ಫೀವರ್ ಇಲ್ಲಿ ಸಾಮಾನ್ಯ, ಅದಕ್ಕೆ ಡಾಕ್ಸಿಸೈಕ್ಲಿನ್ ಕೊಡುವುದೂ ಸಾಮಾನ್ಯ. ಸುಮಾರು 28 ದಿನದ ಕೋರ್ಸ್. ಡಾಕ್ಸಿಸೈಕ್ಲಿನ್ ಹೊಟ್ಟೆ ತೊಳಸುತ್ತದೆ, ನಾಯಿ ಕಕ್ಕುತ್ತದೆ, ಮನೆಯವರು ಜೆಲುಸಿಲ್ ಕುಡಿಸುತ್ತಾರೆ. ಅದರ ಅಲ್ಯೂಮಿನಿಯಂ, ಮೆಗ್ನೀಷಿಯಂ ಡಾಕ್ಸಿಸೈಕ್ಲಿನ್‌ಗೆ ಗಂಟುಬಿದ್ದು ಅದು ರಕ್ತಕ್ಕೆ ಸೇರದಂತೆ ಮಾಡುತ್ತವೆ. ಮಾತ್ರೆ ದಿನವೂ ಹೋಗುತ್ತಿದೆ, ಪ್ಲೇಟ್‌ಲೆಟ್ ಮಾತ್ರ ಏರುತ್ತಿಲ್ಲ. ಎನ್ರೊಫ್ಲಾಕ್ಸಸಿನ್, ಸಿಪ್ರೊಫ್ಲಾಕ್ಸಸಿನ್‌ಗಳಿಗೂ ಇದೇ ಗತಿ. ಸುಕ್ರಾಲ್ಫೇಟ್ ಕೂಡ ಹೀಗೇ ಹಿಡಿದುಕೊಳ್ಳುತ್ತದೆ. ಕೊಡಲೇಬೇಕಿದ್ದರೆ ಆ್ಯಂಟಿಬಯೋಟಿಕ್ ಮೊದಲು, ಕನಿಷ್ಠ ಎರಡು ಗಂಟೆ ಬಿಟ್ಟು ಇವು. ಮೊಸರನ್ನದಲ್ಲಿ ಡಾಕ್ಸಿಸೈಕ್ಲಿನ್ ಅಡಗಿಸುವ ಅಭ್ಯಾಸವನ್ನೂ ಬಿಡಿ, ಕ್ಯಾಲ್ಸಿಯಂ ಅದನ್ನು ಸ್ವಲ್ಪ ಮಟ್ಟಿಗೆ ಹಿಡಿಯುತ್ತದೆ. ಅನ್ನ-ಕೋಳಿಯ ಜೊತೆ ಕೊಟ್ಟು ಮೇಲೆ ನೀರು ಕುಡಿಸಿದರೆ ಹೊಟ್ಟೆ ತೊಳಸುವುದೂ ಕಡಿಮೆ.

ಚರ್ಮದ ಫಂಗಸ್‌ಗೆ ಕೊಡುವ ಕೀಟೊಕೊನಜೋಲ್, ಇಟ್ರಾಕೊನಜೋಲ್ ಕ್ಯಾಪ್ಸೂಲ್‌ಗಳಿಗೆ ಜಠರದ ಆಮ್ಲ ಬೇಕು. ಆಮ್ಲ ತಗ್ಗಿಸಿದರೆ ಅವು ಮೈಗೆ ಹತ್ತುವುದಿಲ್ಲ. ಥೈರಾಯ್ಡ್ ಮಾತ್ರೆಯನ್ನೂ ಆ್ಯಂಟಾಸಿಡ್‌ನಿಂದ ದೂರ ಇಡಿ.

ಇನ್ನೊಂದು ಗಂಭೀರ ವಿಷಯ, ನೋವಿನ ಮಾತ್ರೆ. ಕುಂಟುವ ನಾಯಿಗೆ ಮನೆಯಲ್ಲಿದ್ದ ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೊಟ್ಟು, ಜೊತೆಗೆ "ಹೊಟ್ಟೆಗೆ ತೊಂದರೆಯಾಗದಿರಲಿ" ಎಂದು ಒಂದು ಆಸಿಡಿಟಿ ಮಾತ್ರೆ ಸೇರಿಸುವುದುಂಟು. ಆ ಆಸಿಡಿಟಿ ಮಾತ್ರೆ ಯಾವ ರಕ್ಷಣೆಯನ್ನೂ ಖಾತರಿಪಡಿಸುವುದಿಲ್ಲ. ಈ ನೋವಿನ ಮಾತ್ರೆಗಳು ನಾಯಿಯಲ್ಲಿ ಜಠರಕ್ಕೆ ತೂತು ಬೀಳುವಷ್ಟು ಹುಣ್ಣು ಮಾಡುತ್ತವೆ, ಕಿಡ್ನಿ ಕೆಡಿಸುತ್ತವೆ. ಕೊಟ್ಟಾಗಿದ್ದರೆ ಬೈಗುಳಕ್ಕೆ ಅಂಜಿ ಮುಚ್ಚಿಡದೆ ಡಾಕ್ಟರಿಗೆ ಮೊದಲು ಅದನ್ನೇ ಹೇಳಿ.

ಮಾತ್ರೆ ಬೇಡದ ಸಂದರ್ಭಗಳಲ್ಲಿ

ಬೆಳಗಿನ ಜಾವ ಮಾತ್ರ ಹಳದಿ ನೊರೆ ಕಕ್ಕಿ, ಆಮೇಲೆ ದಿನವಿಡೀ ಚೆನ್ನಾಗಿರುವ ನಾಯಿಗಳು ಬಹಳ. ರಾತ್ರಿ ಏಳಕ್ಕೆ ಉಂಡು ಬೆಳಗ್ಗೆ ಎಂಟರವರೆಗೆ ಖಾಲಿ ಹೊಟ್ಟೆ. ಪಿತ್ತ ಹಿಂದಕ್ಕೆ ಜಠರಕ್ಕೆ ಹರಿದು ಕೆರಳಿಸುತ್ತದೆ. ರಾತ್ರಿಯ ಊಟದಲ್ಲಿ ಕಾಲು ಪಾಲು ತೆಗೆದಿಟ್ಟು ಮಲಗುವ ಮುನ್ನ, ಹತ್ತು-ಹನ್ನೊಂದಕ್ಕೆ ಕೊಡಿ. ಬೆಳಗಿನ ಊಟ ಒಂದು ಗಂಟೆ ಬೇಗ. ಒಂದು ವಾರ ಹೀಗೆ ಮಾಡಿದರೆ ಹೆಚ್ಚಿನ ನಾಯಿಗಳಲ್ಲಿ ನೊರೆ ನಿಲ್ಲುತ್ತದೆ. ನಿಲ್ಲದಿದ್ದರೆ ಆಗ ಪರೀಕ್ಷೆ.

ಒಮ್ಮೆ ಹೊಟ್ಟೆ ಕೆಟ್ಟ, ಬೇರೆ ಲಕ್ಷಣವಿಲ್ಲದ ದೊಡ್ಡ ನಾಯಿಗೆ 8ರಿಂದ 12 ಗಂಟೆ ಊಟ ಬಿಡಿಸಿ. ಮರಿಗಳಿಗೆ, ಪುಟ್ಟ ತಳಿಗಳಿಗೆ ಉಪವಾಸ ಬೇಡ, ಅವುಗಳ ಸಕ್ಕರೆ ಬೇಗ ಕುಸಿಯುತ್ತದೆ. ನೀರು ನಿಲ್ಲಿಸಬೇಡಿ, ಆದರೆ ಬೋಗುಣಿ ತುಂಬ ಇಡದೆ ಅರ್ಧ ಗಂಟೆಗೊಮ್ಮೆ ಎರಡು-ಮೂರು ಚಮಚದಷ್ಟು. ನಂತರ ಮೆತ್ತಗೆ ಬೇಯಿಸಿದ ಎರಡು ಪಾಲು ಅನ್ನಕ್ಕೆ ಚರ್ಮ ತೆಗೆದು ಬೇಯಿಸಿದ ಒಂದು ಪಾಲು ಕೋಳಿ. ಉಪ್ಪು, ಎಣ್ಣೆ, ಈರುಳ್ಳಿ, ಒಗ್ಗರಣೆ ಏನೂ ಬೇಡ. ಮಾಮೂಲಿ ಊಟದ ಕಾಲು ಭಾಗವನ್ನು ದಿನಕ್ಕೆ ನಾಲ್ಕೈದು ಸಲ. ಎರಡು ದಿನ ಸರಿಯಿದ್ದರೆ ಮೂರನೆಯ ದಿನದಿಂದ ಹಳೆಯ ಊಟ ಸ್ವಲ್ಪ ಸ್ವಲ್ಪ ಬೆರೆಸಿ.

ನಾಯಿಯೇ ಸ್ಟ್ರಿಪ್ ಕಡಿದು ತಿಂದಿದ್ದರೆ

ಉಳಿದ ಮಾತ್ರೆ ಎಣಿಸಿ, ಎಷ್ಟು ಹೋಗಿದೆ ಎಂದು ಲೆಕ್ಕ ಹಾಕಿ. ಹಾಳೆಯ ತುಂಡುಗಳನ್ನು ಜೋಡಿಸಿ ನೋಡಿ: ಅಲ್ಯೂಮಿನಿಯಂ ಸ್ಟ್ರಿಪ್ಪಿನ ಚೂಪು ಅಂಚು ಒಳಗೆ ಹೋಗಿದ್ದರೆ ಅದೇ ಔಷಧಕ್ಕಿಂತ ದೊಡ್ಡ ಅಪಾಯ ಆಗಬಹುದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ಉಪಾಯ ಬೇಡವೇ ಬೇಡ, ಉಪ್ಪೇ ನಾಯಿಗೆ ವಿಷವಾಗುತ್ತದೆ. ಬೆರಳು ಹಾಕುವುದೂ ಬೇಡ. ಬರೀ ಒಮೆಪ್ರಜೋಲ್ ಅಥವಾ ಫ್ಯಾಮೊಟಿಡಿನ್‌ನ ಒಂದೆರಡು ಮಾತ್ರೆ ಹೆಚ್ಚು ಹೋದರೆ ಸಾಮಾನ್ಯವಾಗಿ ವಾಂತಿ, ಭೇದಿಯಲ್ಲಿ ಮುಗಿಯುತ್ತದೆ. ಡಿ ಇರುವುದು, ಕ್ಸೈಲಿಟಾಲ್ ಇರುವುದು, ಸ್ಯಾಲಿಸಿಲೇಟ್ ಇರುವುದು ಹೋಗಿದ್ದರೆ ಲಕ್ಷಣಕ್ಕೆ ಕಾಯದೆ ಹೊರಡಿ.

ಬೆಂಗಳೂರಿನಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ. ಆದರೆ ರಾತ್ರಿ ಹನ್ನೊಂದರ ಮೇಲೆ ಯಾವುದು ತೆರೆದಿರುತ್ತದೆ ಎಂಬುದನ್ನು ನಾಯಿ ಚೆನ್ನಾಗಿರುವಾಗಲೇ ವಿಚಾರಿಸಿ, ಆ ನಂಬರ್ ಅನ್ನು ಔಷಧದ ಡಬ್ಬಿಯ ಮುಚ್ಚಳದ ಒಳಬದಿಗೆ ಅಂಟಿಸಿಡಿ. ಹೊರಡುವಾಗ ಸ್ಟ್ರಿಪ್ ಅಥವಾ ಬಾಟಲಿ, ವಾಂತಿಯ ಫೋಟೊ, ಸಾಧ್ಯವಾದರೆ ಓಕರಿಸುವಾಗಿನ ವಿಡಿಯೊ, ಲಸಿಕೆ ಪುಸ್ತಕ, ನೀವು ಸಮಯ ಬರೆದ ಚೀಟಿ ಜೊತೆಗಿರಲಿ.